ಮೇಜಿನ ಕಾಲಡಿಯ ಹದಿಮೂರು

ನಾನು ಒಂದು ರಟ್ಟಿನ ಎಲೆ. ಇಸ್ಪೀಟಿನ ಎಲೆಯಷ್ಟೇ ಗಾತ್ರ, ಆದರೆ ಮೈಮೇಲೆ ರಾಜನಿಲ್ಲ, ರಾಣಿಯಿಲ್ಲ, ಹದಿಮೂರು ಎಂಬ ಅಂಕಿ ಮಾತ್ರ ಇದೆ. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ. ಅವರಲ್ಲಿ ಮಿಕ್ಕಿದ್ದ ದಪ್ಪ ಕಾಗದದಿಂದಲೇ ನಮ್ಮನ್ನು ಕತ್ತರಿಸಿದರು. ಲಗ್ನಪತ್ರಿಕೆಯ ತಾರೀಕನ್ನು ನಂಬಿ ಊರೇ ಹೊರಡುತ್ತದೆ, ನನ್ನ ಮಾತನ್ನೂ ಹಾಗೆಯೇ ನಂಬುತ್ತಾರೆ ಎಂದುಕೊಂಡಿದ್ದೆ. ಮೂರ್ಖತನ.

ನಮ್ಮನ್ನು ಕೊಂಡದ್ದು ಒಂದು ಸಾಫ್ಟ್‌ವೇರ್ ಕಂಪನಿ. ಹೊಸ ಕೆಲಸ ಬಂದರೆ ಎಷ್ಟು ವಾರ ಬೇಕೆಂದು ಅಂದಾಜು ಮಾಡಲು ಅವರು ನಮ್ಮನ್ನು ಆಡುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದು, ಎರಡು, ಮೂರು, ಐದು, ಎಂಟು, ಹದಿಮೂರು. ಎಲ್ಲರೂ ಒಂದೊಂದು ಎಲೆ ಕವುಚಿ ಇಟ್ಟು ಒಟ್ಟಿಗೇ ಮಗುಚಬೇಕು. ಒಬ್ಬರನ್ನು ನೋಡಿ ಇನ್ನೊಬ್ಬರು ಹೇಳಬಾರದು ಎಂದೇ ಈ ಆಟ.

ನಾನಿದ್ದದ್ದು ಮಹಾನಂದಾ ಕಡಕೋಳ ಎಂಬಾಕೆಯ ಕೈಯಲ್ಲಿ. ನಾಲ್ಕು ವರ್ಷದಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದಳು. ಆ ದಿನ ಬಂದದ್ದು ಒಂದು ಆಸ್ಪತ್ರೆಯ ರಕ್ತನಿಧಿಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಎಲೆಗಳು ಮಗುಚಿದವು. ಮೂವರದು ಐದು. ಮಹಾನಂದಾಳದು ನಾನು.

"ಹದಿಮೂರು ಯಾಕ್ರಿ?" ಎಂದರು ಮ್ಯಾನೇಜರ್ ಪ್ರಹ್ಲಾದ ಇನಾಮದಾರ.

"ಹಳೇದೆಲ್ಲಾ ಕೈಬರಹದ ರಿಜಿಸ್ಟರ್‌ದಾಗ ಐತ್ರಿ ಸರ್. ನಲವತ್ತು ಸಾವಿರ ದಾನಿಗಳು. ರಕ್ತದ ಗುಂಪು ಒಂದು ತಪ್ಪಿದ್ರೂ ಯಾರದೋ ಜೀವ ಹೋಗ್ತೈತಿ. ಎಲ್ಲಾ ಎರಡೆರಡು ಸಲ ನೋಡಬೇಕ್ರಿ."

"ಯುಗಾದಿಗೆ ಕೊಡ್ತೀವಂತ ನಾ ಆಗಲೇ ಮಾತು ಕೊಟ್ಟೀನ್ರಿ. ಐದು ವಾರ ಅದ. ಇದು ಟೈಮಿಗೆ ಮುಗಿದ್ರ ನಿಮ್ಮ ನೌಕರಿ ಖಾಯಂ. ಇನ್ನೊಮ್ಮೆ ಆಡ್ರಿ."

ಮಾತು ಮೊದಲೇ ಕೊಟ್ಟಾಗಿತ್ತು. ಮತ್ತೆ ನಮ್ಮನ್ನು ಕೇಳಿದ್ದೇಕೆ? ಎರಡನೆಯ ಸಲ ಮಹಾನಂದಾಳ ಬೆರಳು ನನ್ನ ಮೇಲೆ ಬಂತು, ನಿಂತಿತು, ಸರಿಯಿತು. ಅವಳೂ ಐದನ್ನೇ ಇಟ್ಟು ಅಂದಾಜಿನ ಹಾಳೆಗೆ ಸಹಿ ಮಾಡಿದಳು. ಅವಳ ಮೇಲೂ ನನಗೆ ಸಿಟ್ಟಿದೆ. ಖಾಯಂ ನೌಕರಿಯ ಆಸೆ ನನಗೆ ಅರ್ಥವಾಗುತ್ತದೆ, ಆದರೂ ಸಿಟ್ಟಿದೆ.

ಆ ಕೋಣೆಯ ಮೇಜು ಕುಂಟುತ್ತಿತ್ತು. ಇನಾಮದಾರರು ನನ್ನನ್ನು ನಾಲ್ಕು ಮಡಿಕೆ ಮಾಡಿ ಅದರ ಕಾಲಡಿಗೆ ತುರುಕಿದರು. "ಇದು ಇನ್ನ ನಮಗ ಬ್ಯಾಡ," ಎಂದು ನಕ್ಕರು. ಎಲ್ಲರೂ ನಕ್ಕರು.

ಅಂದಿನಿಂದ ನಾನು ಕಂಡದ್ದು ಬರೀ ಕಾಲುಗಳು. ಯುಗಾದಿ ಬಂತು, ಹೋಯಿತು. ಇನಾಮದಾರರ ಬೂಟು ಅಸಹನೆಯಿಂದ ನೆಲ ಕುಟ್ಟುತ್ತಿತ್ತು. ಮಹಾನಂದಾ ಭಾನುವಾರವೂ ಬರುತ್ತಿದ್ದಳು. ಚಪ್ಪಲಿಯ ಉಂಗುಟ ಹರಿದಿದ್ದರೂ ಪಿನ್ನು ಚುಚ್ಚಿಕೊಂಡು ಓಡಾಡಿದಳು, ಹೊಲಿಸಲು ಹೋಗುವ ಪುರುಸೊತ್ತು ಅವಳಿಗಿರಲಿಲ್ಲ. ಎರಡನೆಯ ಸಲ ನೋಡಿದಾಗ ಇನ್ನೂರ ಹನ್ನೊಂದು ಹೆಸರುಗಳ ಮುಂದೆ ತಪ್ಪು ಗುಂಪು ಸಿಕ್ಕಿತಂತೆ. ತಿದ್ದಿದಳು. ಹದಿಮೂರನೆಯ ವಾರದ ಶುಕ್ರವಾರ ಕೆಲಸ ಮುಗಿಯಿತು.

ಸೋಮವಾರ ಅದೇ ಮೇಜಿನ ಸುತ್ತ ವರದಿ ಓದಿದರು: ಅಂದಾಜು ಐದು ವಾರ, ವಿಳಂಬ ಎಂಟು ವಾರ, ಹೊಣೆ ಮಹಾನಂದಾ ಕಡಕೋಳ.

ವಿಳಂಬ ಎಲ್ಲಿಂದ ಬಂತು? ಹದಿಮೂರು ವಾರದ ಕೆಲಸ ಹದಿಮೂರು ವಾರಕ್ಕೆ ಮುಗಿದಿದೆ. ನನಗೆ ಬಾಯಿಲ್ಲ, ಇದ್ದಿದ್ದರೆ ಅಂದು ಕೂಗುತ್ತಿದ್ದೆ.

ಮಹಾನಂದಾ ಬಗ್ಗಿ ನನ್ನನ್ನು ಎಳೆದಳು. ಮಡಿಕೆ ಬಿಚ್ಚಿ ವರದಿಯ ಮೇಲಿಟ್ಟಳು. "ನಾ ಮೊದಲು ಹೇಳಿದ್ದು ಇದನ್ನ ಅಲ್ಲೇನ್ರಿ ಸರ್?"

"ಆಮ್ಯಾಲೆ ಐದಕ್ಕ ಸಹಿ ಮಾಡಿದವ್ರು ಯಾರ್ರಿ?"

ಆ ತಿಂಗಳ ಕೊನೆಗೆ ಗುತ್ತಿಗೆ ಮುಗಿಯಿತು. ಹೋಗುವಾಗ ಪಿನ್ನು ಚುಚ್ಚಿದ್ದ ಅದೇ ಚಪ್ಪಲಿ ನನ್ನ ಪಕ್ಕದಲ್ಲೇ ಹಾದುಹೋಯಿತು. ನಾನು ಮತ್ತೆ ಮೇಜಿನ ಕಾಲಡಿಗೆ ಸೇರಿಯಾಗಿತ್ತು.

ಈಗ ಹಳಬನಾಗಿದ್ದೇನೆ. ಮಡಿಕೆಗಳು ಸವೆದಿವೆ, ಕಸ ಗುಡಿಸುವಾಗ ನೀರು ತಾಗಿ ಒಂದು ಮೂಲೆ ಉಬ್ಬಿದೆ. ತಲೆಯ ಮೇಲೆ ಆಟ ಇನ್ನೂ ನಡೆಯುತ್ತಿದೆ. ನಿನ್ನೆಯೂ ಹೊಸಬರು ಬಂದಿದ್ದರು. ಎಲೆಗಳು ಮಗುಚಿದ ಸದ್ದು ಕೇಳಿಸಿತು. ಎಲ್ಲರೂ ಐದು ಎಂದರು, ಇನಾಮದಾರರು ಭೇಷ್ ಎಂದು ಮೇಜು ಕುಟ್ಟಿದರು. ಮೇಜು ಅಲುಗಲಿಲ್ಲ. ಕೆಳಗೆ ನಾನಿದ್ದೆ.