ಕಷಾಯ ನಿಂತ ಹೊತ್ತು

ಚೇತನಾಳ ಬೆರಳ ತುದಿಯಿಂದ ಜಾರಿದ ಅಕ್ಕಿಕಾಳು ಸೇತುರಾಮರ ಬಾಯಿಗೆ ಬೀಳದೆ ಕೆನ್ನೆಯ ಮೇಲೆ ಉರುಳಿ ಕಿವಿಯ ಹತ್ತಿರ ಹೋಗಿ ನಿಂತಿತು. ಹೆಣದ ಬಾಯಿಗೆ ಅಕ್ಕಿ ಹಾಕುವುದು ಅವಳಿಗೆ ಇದೇ ಮೊದಲು.

"ಪರವಾಗಿಲ್ಲಮ್ಮ, ಇನ್ನೊಂದ್ಸಲ ಹಾಕು," ಎಂದು ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಅವಳ ಅಂಗೈಗೆ ಮತ್ತೆ ನಾಲ್ಕು ಕಾಳು ಹಾಕಿದರು. "ನೀನು ಯಾರ ಮಗಳು?"

"ಪರಿಚಯದವಳು ಅಜ್ಜಿ."

ಪರಿಚಯವೆಂದರೆ ಇಷ್ಟೇ. ಒಂದೂವರೆ ವರ್ಷದಿಂದ ದಿನಾ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಈ ಮನುಷ್ಯನ ಜೊತೆ ಮೊಬೈಲ್ ಆಟವೊಂದರಲ್ಲಿ ಕಾಡು ಕೋಟೆ ಅಲೆದಿದ್ದಳು. ಮುಖ ನೋಡುತ್ತಿರುವುದು ಇವತ್ತೇ ಮೊದಲು. ಮೆಸೇಜುಗಳ ಗತ್ತು ನೋಡಿ ಯಾರೋ ದಪ್ಪ ಮೀಸೆಯ ಆಸಾಮಿ ಇರಬೇಕು ಅಂದುಕೊಂಡಿದ್ದಳು. ನಡುಮನೆಯಲ್ಲಿ ಮಲಗಿದ್ದವರು ಸಣಕಲು ಮೈಯ, ಕನ್ನಡಕದ ಗುರುತು ಮೂಗಿನ ಮೇಲೆ ಉಳಿದಿದ್ದ ಮುದುಕರು.

ಹೊಸಹಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲಿ ಕೂರುವ ಚೇತನಾ ಸುಲಭಕ್ಕೆ ಹೆದರುವ ಪೈಕಿಯಲ್ಲ. ರೋಗಿಗಳ ಗಂಡಂದಿರು ಬಂದು ಮೇಜು ಗುದ್ದಿದರೂ ರಸೀದಿ ಹರಿದುಕೊಟ್ಟು ಮುಂದಿನವರನ್ನು ಕರೆಯುವವಳು. ಆದರೆ ಇವತ್ತು ಬೆಳಿಗ್ಗೆ ಏಳಕ್ಕೆ ಸೇತುರಾಮರ ನಂಬರಿನಿಂದಲೇ ಬಂದ ಮೆಸೇಜು ಓದಿದಾಗಿನಿಂದ ಹೆದರಿಕೆ ಹತೋಟಿಗೆ ಬಂದಿರಲಿಲ್ಲ. 'ನಮ್ಮ ಅಣ್ಣ ಸೇತುರಾಮ್ ನಿನ್ನೆ ಮಧ್ಯಾಹ್ನ ತೀರಿಕೊಂಡರು. ಹನ್ನೊಂದಕ್ಕೆ ಮನೆಯಿಂದ ಹೊರಡುತ್ತೇವೆ.' ಕೆಳಗೆ ಮಹಾಲಕ್ಷ್ಮಿ ಲೇಔಟಿನ ವಿಳಾಸ. ಅಣ್ಣನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಕಳಿಸಿದವರು ತಮ್ಮ ಸುಧೀಂದ್ರ. ಆ ಫೋನು ಈಗಲೂ ಸುಧೀಂದ್ರರ ಅಂಗಿಯ ಜೇಬಿನಲ್ಲಿತ್ತು. ಚೇತನಾಳ ಕಣ್ಣು ಹೆಣಕ್ಕಿಂತ ಹೆಚ್ಚು ಆ ಜೇಬಿನ ಮೇಲೇ ಹೋಗುತ್ತಿತ್ತು.

ಅವಳು ಹೊರಗೆ ಬಂದಾಗ ಗೇಟಿನ ಬಳಿ ರುದ್ರೇಶ ಹೆಲ್ಮೆಟ್ ಹಿಡಿದು ನಿಂತಿದ್ದ. ಹಾವೇರಿ ಕಡೆಯ ಹುಡುಗ, ಊಟ ತಲುಪಿಸುವ ಕೆಲಸ. ಆಟದ ತಂಡದಲ್ಲಿ ಬಿಲ್ಲು ಅವನದು, ಕತ್ತಿಯೂ ನಾಯಕತ್ವವೂ ಚೇತನಾಳದು, ಔಷಧಿ ಸೇತುರಾಮರದು. ಇದ್ದದ್ದು ಆ ಮೂವರೇ.

"ಅಕ್ಕಾ, ನೋಡಿದ್ದಾತಲ್ಲ, ನಡೀರಿ ಹೋಗೂಣು," ಎಂದ ಮೆಲ್ಲಗೆ. "ಯಾರಿಗೂ ಏನೂ ಹೇಳಬ್ಯಾಡ್ರಿ. ನಾನೂ ಹೇಳಂಗಿಲ್ಲ."

ಅಷ್ಟರಲ್ಲಿ ಜಗಲಿಯಲ್ಲಿ ಮಾತಿನ ದನಿ ಏರಿತು.

"ನಿನ್ನೆ ಮೂರು ಇಪ್ಪತ್ತೆಂಟರ ತನಕ ಶ್ರವಣ ನಕ್ಷತ್ರ," ಎಂದು ಪುರೋಹಿತರು ಪಂಚಾಂಗದ ಮೇಲೆ ಬೆರಳಿಟ್ಟು ಹೇಳುತ್ತಿದ್ದರು. "ಅಲ್ಲಿಂದಾಚೆ ಧನಿಷ್ಠಾ, ಪಂಚಕ ಶುರು. ಜೀವ ಹೋಗಿದ್ದು ಆಚೆಗೋ ಈಚೆಗೋ ಗೊತ್ತಾಗ್ಬೇಕಲ್ಲ?"

"ಡಾಕ್ಟ್ರು ಮೂರರಿಂದ ನಾಲ್ಕರೊಳಗೆ ಅಂದ್ರು. ಅತ್ತಿಗೆ ಮನೆಗೆ ಬಂದು ನೋಡಿದ್ದೇ ಐದೂವರೆಗೆ," ಎಂದರು ಸುಧೀಂದ್ರ. "ಗೊತ್ತಿಲ್ದಿದ್ರೆ ಪಂಚಕ ಅಂತಲೇ ಇಟ್ಕೊಳಿ ಸ್ವಾಮಿ. ಪಂಚಕದಲ್ಲಾದ ಸಾವು ಒಂದಕ್ಕೇ ನಿಲ್ಲಲ್ಲ, ಮನೆತನದಲ್ಲಿ ಇನ್ನೂ ಆಗತ್ತೆ ಅಂತಾರೆ. ನನ್ನ ಸೊಸೆಗೆ ಏಳು ತಿಂಗಳು. ಆರು ತಿಂಗಳು ಈ ಮನೆಗೆ ಬೀಗ ಹಾಕೋಣ, ಅತ್ತಿಗೆ ಕೆಂಗೇರಿಗೆ ನಮ್ಮ ಜೊತೆ ಬರ್ಲಿ."

ಅವರು ಕೆಟ್ಟ ಮನುಷ್ಯರಲ್ಲ. ಹೆದರಿದ್ದರು. ಹೆದರಿದವರ ಮುಖ ಹೇಗಿರುತ್ತದೆಂದು ಚೇತನಾಗೆ ಇವತ್ತು ಚೆನ್ನಾಗಿ ಗೊತ್ತಿತ್ತು.

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಸೇತುರಾಮರ ಹೆಂಡತಿ ಪಂಕಜಮ್ಮ ಬೆಳಿಗ್ಗೆಯಿಂದ ಆಡಿದ ಮೊದಲ ಮಾತು ಅದೇ ಇರಬೇಕು. "ಮೂವತ್ತೆರಡು ವರ್ಷ ಇದ್ದ ಮನೆ ಸುಧೀಂದ್ರ. ಅವರ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ. ಅವರ ಜೊತೆ ಮನೇನೂ ಬಿಡು ಅಂದ್ರೆ ನಾನೆಲ್ಲಿ ಕೂತು ಅಳ್ಲಿ?"

ಜೀವ ಹೋದ ಹೊತ್ತು ಎಷ್ಟೆಂದು ಚೇತನಾಗೆ ಗೊತ್ತಿತ್ತು. ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು.

*

ಸೇತುರಾಮರು ರಾಜಾಜಿನಗರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಮೂವತ್ನಾಲ್ಕು ವರ್ಷ ಬೇರೆಯವರ ತಪ್ಪು ಹುಡುಕಿ, ತಮ್ಮ ಹೆಸರು ಎಲ್ಲೂ ಅಚ್ಚಾಗದೆ ನಿವೃತ್ತರಾದರು. ಪಂಕಜಮ್ಮ ಮಧ್ಯಾಹ್ನ ಹೊಲಿಗೆ ಕಲಿಸಲು ಹೋದಾಗ ಮನೆ ಭಣಗುಟ್ಟುತ್ತಿತ್ತು. ಹಾಗೆ ಈ ಆಟಕ್ಕೆ ಬಂದವರು. ಎಲ್ಲರೂ ಕತ್ತಿ ಗದೆ ಎಂದು ಮುಗಿಬೀಳುವಾಗ ಇವರು ಪೆಟ್ಟು ತಿಂದವರ ತಲೆಯ ಮೇಲಿನ ಪ್ರಾಣದ ಗೆರೆ ಇಳಿದು ಕೆಂಪಾದಾಗ ಔಷಧಿ ಎಸೆಯುವ, ಯಾರಿಗೂ ಬೇಡದ ವೈದ್ಯನ ಪಾತ್ರ ಆರಿಸಿಕೊಂಡು, ಅದಕ್ಕೆ 'ಕಷಾಯ' ಎಂದು ಹೆಸರಿಟ್ಟರು. ರುದ್ರೇಶ ಒಂದು ವಾರ ನಕ್ಕ.

ಚೇತನಾ ಗುಂಪಿಗೆ ಏನೇ ಬರೆದು ಹಾಕಲಿ, ಸೇತುರಾಮರು ಅದನ್ನು ಕಾಗದಕ್ಕೆ ಇಳಿಸಿಕೊಂಡು, ಕೆಂಪು ಶಾಯಿಯಲ್ಲಿ ತಿದ್ದಿ, ಫೋಟೊ ತೆಗೆದು ವಾಪಸು ಕಳಿಸುತ್ತಿದ್ದರು. ಒಮ್ಮೆ ಒಂದು ಸಾಲನ್ನು ಹೊಡೆದುಹಾಕಿ ಅದರಡಿಗೆ ಚುಕ್ಕಿಗಳ ಸಾಲು ಇಟ್ಟಿದ್ದರು. ಇದೇನು ಅಂಕಲ್ ಎಂದು ಕೇಳಿದ್ದಕ್ಕೆ ಉತ್ತರ ಬಂತು: 'ಅದು ನಮ್ಮ ಕಸುಬಿನ ಗುರುತು. ಹೊಡೆದುಹಾಕಿದ್ದು ನನ್ನ ತಪ್ಪು, ಸಾಲು ಸರಿಯಾಗೇ ಇದೆ, ಹಾಗೇ ಇರಲಿ ಅಂತ ಅರ್ಥ. ಇದನ್ನ ಹಾಕೋಕೆ ಸ್ವಲ್ಪ ದೊಡ್ಡ ಮನಸ್ಸು ಬೇಕಮ್ಮ.'

ಮೂರು ದಿನದ ಹಿಂದೆ, ದೊಡ್ಡ ಕೋಟೆಗೆ ನುಗ್ಗುವ ಮೊದಲು, ಚೇತನಾ ತಂಡದ ಒಬ್ಬೊಬ್ಬರ ಬಲಾಬಲ ಬರೆದಳು. ನಾಯಕಿಯ ಗತ್ತಿನಲ್ಲೇ ಬರೆದಳು.

'ಕಷಾಯ. ಬಲ: ನಮ್ಮ ಪ್ರಾಣದ ಗೆರೆ ಅರ್ಧಕ್ಕೆ ಇಳಿಯೋ ಮೊದಲೇ ಔಷಧಿ ಎಸೀತಾರೆ, ಕೇಳೋದೇ ಬೇಡ. ವಿಷ ಇಳಿಸೋದ್ರಲ್ಲಿ ಇವರ ಸಮಕ್ಕೆ ಯಾರೂ ಇಲ್ಲ. ದೌರ್ಬಲ್ಯ: ನಡಿಗೆ ನಿಧಾನ, ಹೊಡೆತ ಸೊನ್ನೆ. ಒಂದು ಸಲ ಔಷಧಿ ಕೊಟ್ರೆ ಇಪ್ಪತ್ತು ಸೆಕೆಂಡು ಕೈ ಖಾಲಿ. ಎಲ್ಲಕ್ಕಿಂತ ದೊಡ್ಡದು, ತಮ್ಮ ಗೆರೆ ಕೆಂಪಾದ್ರೂ ಬಾಯಿಬಿಟ್ಟು ಹೇಳಲ್ಲ, ಸುಮ್ಮನೆ ನಿಂತುಬಿಡ್ತಾರೆ. ಆಗ ನಾವೇ ನೋಡ್ಬೇಕು.'

ಅದಕ್ಕೆ ಮಾತ್ರ ತಿದ್ದಿದ ಕಾಗದ ವಾಪಸು ಬರಲಿಲ್ಲ. ಅಂಕಲ್ ಮುನಿಸಿಕೊಂಡರು ಎಂದುಕೊಂಡಳು ಚೇತನಾ.

ನಿನ್ನೆ ಮೂರು ಗಂಟೆಗೆ ಕೋಟೆಯ ಬಾಗಿಲಲ್ಲಿ ಯುದ್ಧ ಶುರುವಾಯಿತು. ಮೂರು ಇಪ್ಪತ್ತೊಂದಕ್ಕೆ ಅವಳ ಪ್ರಾಣದ ಗೆರೆ ಇನ್ನೇನು ಮುಗಿಯಿತು ಅನ್ನುವಾಗ ಕಷಾಯನ ಔಷಧಿ ಬಂದು ಬಿತ್ತು. ಬದುಕಿಕೊಂಡಳು. ಆಮೇಲೆ ಕಷಾಯ ಅಲ್ಲಾಡಲಿಲ್ಲ. ರುದ್ರೇಶ ಬಿದ್ದ. 'ಅಂಕಲ್ ಔಷಧಿ' ಎಂದು ಬರೆದಳು, 'ಅಂಕಲ್, ಏನ್ ಮಾಡ್ತಿದೀರಾ' ಎಂದು ಬರೆದಳು. ಕಷಾಯ ಕೋಲು ಹಿಡಿದು ಸುಮ್ಮನೆ ನಿಂತಿದ್ದ. ಬರೆದದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ, ಈ ವಯಸ್ಸಲ್ಲೂ ಎಂಥ ಹಟ ಎಂದು ಅವಳಿಗೆ ಮೈ ಉರಿಯಿತು. ಅವರ ನಂಬರು ಅವಳ ಹತ್ತಿರವೇ ಇತ್ತು, ಕರೆ ಮಾಡಲಿಲ್ಲ. ಮೂರು ಮೂವತ್ಮೂರಕ್ಕೆ ಗುಂಡಿ ಒತ್ತಿ ಅವರನ್ನು ತಂಡದಿಂದ ತೆಗೆದುಹಾಕಿದಳು.

*

"ಹೊತ್ತಾಯ್ತು, ಎತ್ತೋಣ," ಎಂದು ಯಾರೋ ಅಂದರು. ಬೀಗದ ಮಾತು ತೀರ್ಮಾನವಾದಂತೆಯೇ ಇತ್ತು. ಅಜ್ಜಿಯೊಬ್ಬರು ಪಂಕಜಮ್ಮನ ಎರಡು ಸೀರೆ ಚೀಲಕ್ಕೆ ಹಾಕುತ್ತಿದ್ದರು.

ರುದ್ರೇಶ ಚೇತನಾಳ ತೋಳು ಹಿಡಿದ. ಅವನಿಗೂ ಅರ್ಥವಾಗಿತ್ತು. "ಬ್ಯಾಡ್ರಿ ಅಕ್ಕಾ. ಎಲ್ಲಾರೂ ಸೇರಿ ನಿಮ್ಮನ್ನ ಹರಕೊಂಡು ತಿಂತಾರ. ಪೊಲೀಸು ಗಿಲೀಸು ಅಂದ್ರ ಏನ್ ಮಾಡ್ತೀರಿ?"

ಅದೇ ಭಯ ಅವಳಿಗೂ ಇತ್ತು. ಪೊಲೀಸರಿಗಿಂತ ಆ ಹೆಂಗಸಿನ ಕಣ್ಣು ಎದುರಿಸುವ ಭಯ ದೊಡ್ಡದು. ಹನ್ನೆರಡು ನಿಮಿಷ. ಒಂದು ಫೋನು ಮಾಡಿದ್ದರೆ, ಅವರು ಎತ್ತದಿದ್ದರೆ, ರುದ್ರೇಶ ಹೇಗೋ ವಿಳಾಸ ಹುಡುಕಿ ಬೈಕಿನಲ್ಲಿ ಬಂದು ಬಾಗಿಲು ತಟ್ಟಿದ್ದರೆ. ಇವತ್ತೊಂದು ದಿನವಲ್ಲ, ಬದುಕಿಡೀ ಅವಳು ಮಾಡಬೇಕಾದ ಲೆಕ್ಕ ಅದು. ಅದನ್ನು ಬೇರೆಯವರ ಮುಂದೆ ಬಿಡಿಸಿಡಲು ಅವಳಿಗೆ ಧೈರ್ಯ ಬರುತ್ತಿರಲಿಲ್ಲ. ಆದರೂ ಆ ಚೀಲದ ಜಿಪ್ಪು ಎಳೆದ ಸದ್ದು ಕೇಳಿದಾಗ ಜಗಲಿ ಹತ್ತಿದ್ದಳು.

"ಮೂರು ಇಪ್ಪತ್ತೊಂದು," ಎಂದಳು.

ಎಲ್ಲರೂ ತಿರುಗಿದರು.

"ನಾವು ಮೂರು ಜನ ದಿನಾ ಫೋನಲ್ಲಿ ಗೇಮ್ ಆಡ್ತಿದ್ವಿ ಸಾರ್. ನಿನ್ನೇನೂ ಆಡ್ತಿದ್ವಿ. ಮೂರು ಇಪ್ಪತ್ತೊಂದಕ್ಕೆ ಅಂಕಲ್ ಕೈ ನಿಂತೋಯ್ತು. ಆಮೇಲೆ ಒಂದು ಹೆಜ್ಜೇನೂ ಇಡ್ಲಿಲ್ಲ."

"ಏನಮ್ಮ ಇದು, ಹೆಣ ಇಟ್ಕೊಂಡು ಗೇಮು ಗೀಮು ಅಂತ," ಎಂದರು ಸುಧೀಂದ್ರ. "ಬಾಯಿಮಾತು ನಂಬಿ ನಾನು ನನ್ನ ಸೊಸೇನ ಪಣಕ್ಕಿಡ್ಲಾ?"

"ಬಾಯಿಮಾತಲ್ಲ. ಇದರಲ್ಲಿ ಎಲ್ಲಾ ಬರ್ದಿರತ್ತೆ." ಚೇತನಾ ಆಟದ ದಾಖಲೆ ತೆಗೆದು ಫೋನು ಚಾಚಿದಳು. ಮೊದಲ ಸಾಲಿಗೆ ಬೆರಳಿಟ್ಟು ಎರಡನೆಯದನ್ನು ಮುಚ್ಚಬಹುದಿತ್ತು. ಕೈ ಅಷ್ಟು ನಡುಗದಿದ್ದರೆ ಬಹುಶಃ ಮುಚ್ಚಿಬಿಡುತ್ತಿದ್ದಳು.

ಸುಧೀಂದ್ರ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಮೂರು ಇಪ್ಪತ್ತೊಂದು. ಕಷಾಯ, ಚೇತನಾಗೆ ಔಷಧಿ ಕೊಟ್ಟಿದ್ದಾರೆ." ಬೆರಳು ಕೆಳಗೆ ಜಾರಿತು. "ಮೂರು ಮೂವತ್ಮೂರು. ಕಷಾಯನನ್ನು ತಂಡದಿಂದ ತೆಗೆಯಲಾಗಿದೆ. ತೆಗೆದವರು, ಚೇತನಾ."

"ಚೇತನಾ ನಾನೇ," ಎಂದಳು. "ಬೇಜಾರಲ್ಲಿ ನಿಂತಿದಾರೆ ಅಂದ್ಕೊಂಡೆ. ಫೋನ್ ಮಾಡ್ಲಿಲ್ಲ."

ಪುರೋಹಿತರು ಪಂಚಾಂಗ ಮಡಿಸಿದರು. "ಕೈ ನಿಂತ ಹೊತ್ತೇ ಹೊತ್ತು," ಎಂದರು. "ಶ್ರವಣ. ಬೀಗ ಬೇಡ."

"ಕೈ ನಿಂತ ಮೇಲೂ ಜೀವ ಇದ್ದಿದ್ರೆ?" ಎಂದು ಸುಧೀಂದ್ರ ಕೇಳಿದರು. ಕೇಳಿದ್ದು ಪುರೋಹಿತರನ್ನು, ನೋಡಿದ್ದು ಚೇತನಾಳನ್ನು.

"ಅದನ್ನ ಪಂಚಾಂಗ ಹೇಳಲ್ಲ ಸುಧೀಂದ್ರ. ಶಾಸ್ತ್ರಕ್ಕೆ ಇಷ್ಟು ಸಾಕು."

ಶಾಸ್ತ್ರಕ್ಕೆ ಸಾಕಾದದ್ದು ಚೇತನಾಗೆ ಸಾಲಲಿಲ್ಲ. ಅವಳು ಪಂಕಜಮ್ಮನ ಬಾಯಿಂದ ಬರುವ ಮಾತಿಗೆ ತಲೆ ತಗ್ಗಿಸಿ ಕಾದಳು. ಬೈಗುಳ ಬಂದರೆ ಒಳ್ಳೆಯದಿತ್ತು. ಪಂಕಜಮ್ಮ ಒಳಗೆ ಹೋದರು. ಚೀಲದಿಂದ ಸೀರೆ ಹೊರಗೆ ತೆಗೆದು ಮಂಚದ ಮೇಲಿಟ್ಟದ್ದು ಬಾಗಿಲಿನಿಂದ ಕಾಣಿಸಿತು. ಬರುವಾಗ ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದವಿತ್ತು.

"ವಾರದಿಂದ ಎದೆನೋವಿತ್ತಂತೆ. ಮಾತ್ರೆ ಅವರ ಅಂಗಿ ಜೇಬಲ್ಲಿ ಸಿಕ್ತು," ಎಂದರು. "ನಂಗೂ ಹೇಳ್ಲಿಲ್ಲ. ಪಕ್ಕದಲ್ಲೇ ಮಲಗ್ತಿದ್ದೆ."

ಚೇತನಾ ಅಳಲು ಶುರುಮಾಡಿದಳು.

"ಇದು ನಿಂದೇ ಅಲ್ವಾ? ಟೀಪಾಯಿ ಮೇಲಿತ್ತು. ಮೊನ್ನೆ ನಂಗೆ ಓದಿ ಹೇಳಿದ್ರು. ಮುಖಾನೇ ನೋಡಿರದ ಹುಡುಗಿ ನನ್ನ ಹೆಂಗೆ ಹಿಡಿದುಹಾಕಿದಾಳೆ ನೋಡು ಅಂತ ನಕ್ರು. ತಿದ್ದಿ ಕಳಿಸ್ಬೇಕು ಅಂತಿದ್ರು, ಕಳಿಸ್ಲಿಲ್ಲ ಅನ್ಸತ್ತೆ."

ಒಳಗೆ ಗಂಡಸರು ಗೋವಿಂದ ಎನ್ನುತ್ತ ಚಟ್ಟಕ್ಕೆ ಹೆಗಲು ಕೊಟ್ಟರು. ಎಲ್ಲರೂ ಗೋಡೆಗೆ ಸರಿದು ದಾರಿ ಬಿಟ್ಟರು. ಸೇತುರಾಮರ ಕಿವಿಯ ಹತ್ತಿರ ಆ ಒಂದು ಅಕ್ಕಿಕಾಳು ಇನ್ನೂ ಹಾಗೇ ಇತ್ತು. ಚಟ್ಟ ಗೇಟು ದಾಟಿತು. ರುದ್ರೇಶ ಹೆಲ್ಮೆಟ್ಟನ್ನು ಕಾಂಪೌಂಡಿನ ಮೇಲಿಟ್ಟು, ಹೆಗಲು ಬದಲಿಸುವವರ ಹಿಂದೆ ನಡೆದ.

ಚೇತನಾ ಕಾಗದ ಬಿಡಿಸಿದಳು. ಉರುಟು ಅಕ್ಷರಗಳಲ್ಲಿ ಅವಳದೇ ಮಾತುಗಳು. 'ಹೊಡೆತ ಸೊನ್ನೆ' ಎಂಬಲ್ಲಿ ಕೆಂಪು ಶಾಯಿಯ ಒಂದು ನಗುಮುಖ. ಕೊನೆಗೆ, 'ತಮ್ಮ ಗೆರೆ ಕೆಂಪಾದ್ರೂ ಬಾಯಿಬಿಟ್ಟು ಹೇಳಲ್ಲ, ಸುಮ್ಮನೆ ನಿಂತುಬಿಡ್ತಾರೆ. ಆಗ ನಾವೇ ನೋಡ್ಬೇಕು' ಎಂಬ ಮಾತಿನ ಮೇಲೆ ಈ ತುದಿಯಿಂದ ಆ ತುದಿಗೆ ಗಟ್ಟಿಯಾಗಿ ಎಳೆದ ಕೆಂಪು ಗೆರೆ. ಅದರ ಕೆಳಗೆ, ಒಂದೊಂದು ಅಕ್ಷರಕ್ಕೂ ಒಂದರಂತೆ, ನಿಧಾನವಾಗಿ ಒತ್ತಿ ಒತ್ತಿ ಇಟ್ಟ ಚುಕ್ಕಿಗಳು.