ಇಳಿತದ ಹೊತ್ತು

ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದಾಗ, ಮುಂದೆ ಹೆಗಲು ಕೊಟ್ಟಿದ್ದ ನೆಡ್ ವೆರಿಲ್ ಕತ್ತು ಹೊರಳಿಸಿ ಸಮುದ್ರದ ಕಡೆ ನೋಡಿದ್ದು ವಿಲ್ಫ್‌ನ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದ. ಆ ಸಲ ಪೆಟ್ಟಿಗೆ ಕೊಂಚ ವಾಲಿತು. ಒಳಗಿದ್ದವಳು ವಿಲ್ಫ್‌ನ ಹೆಂಡತಿ ಮೇವಿಸ್.

ಗೋರಿಯ ಬಳಿಯೂ ನೆಡ್‌ಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಿರುಗಾಳಿ ಬೆಳಿಗ್ಗೆಯಷ್ಟೇ ನಿಂತಿತ್ತು. ಬೆಟ್ಟದ ಮೇಲಿನ ಆ ಜಾಗದಿಂದ ಕೆಳಗಿನ ದಡವೆಲ್ಲ ಕಾಣುತ್ತಿತ್ತು; ನೀರು ದೂರ ಹಿಂದೆ ಸರಿದು ಕಪ್ಪು ಹಾಸುಬಂಡೆಗಳು ಬರಿದಾಗಿ ಬಿದ್ದಿದ್ದವು. ಮೇವಿಸ್ ಕರಿದ ಮೀನು ತಿನ್ನಲು ವಿಟ್ಬಿ ಪಟ್ಟಣದಿಂದಲೂ ಜನ ಬರುತ್ತಿದ್ದರೆಂದು ಪಾದ್ರಿ ಹೊಗಳಿದರು. ಅವಳ ಭಾನುವಾರಗಳನ್ನೂ ನೆನೆದರು. ವಾರವಿಡೀ ಕುದಿಯುವ ಎಣ್ಣೆಯ ಮುಂದೆ ನಿಂತಿರುತ್ತಿದ್ದವಳು ಭಾನುವಾರ ಬಂತೆಂದರೆ ಚೀಲ ಹೆಗಲಿಗೇರಿಸಿ ಕಡಿದಾದ ಬಂಡೆಯ ಬುಡದಲ್ಲಿ ಬೆನ್ನು ಬಗ್ಗಿಸಿ ನಡೆಯುತ್ತಿದ್ದಳು, ಯಾವುದೋ ಕಾಲದ ಸಮುದ್ರಜೀವಿಗಳು ಕಲ್ಲಾಗಿ ಕೂತಿದ್ದನ್ನು ಹುಡುಕುತ್ತಾ. ಜೊತೆಗೆ ನೆಡ್ ಇರುತ್ತಿದ್ದನೆಂಬುದನ್ನು ಪಾದ್ರಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ವಿಲ್ಫ್ ಮೊದಲ ಹಿಡಿ ಮಣ್ಣು ಹಾಕಿ ತಲೆಯೆತ್ತಿ ನೋಡಿದರೆ ನೆಡ್ ನಿಂತಿದ್ದ ಜಾಗ ಖಾಲಿ.

* * *

ಮದುವೆಯಾದ ಹೊಸದರಲ್ಲಿ ಮೇವಿಸ್ ಗಂಡನನ್ನೂ ದಡಕ್ಕೆ ಕರೆದುಕೊಂಡು ಹೋಗಿದ್ದಳು. ಬಂಡೆಯಿಂದ ಉದುರಿದ ಕಲ್ಲುಗಳಲ್ಲಿ ದುಂಡಗಿನದೊಂದನ್ನು ಆರಿಸಿ, ಕೈಯಲ್ಲಿ ಅತ್ತಿತ್ತ ತಿರುಗಿಸಿ, ಸುತ್ತಿಗೆಯಿಂದ ಒಂದೇ ಏಟು ಕೊಟ್ಟಳು. ಕಲ್ಲು ಬಾಯಿಬಿಟ್ಟಿತು. ಒಳಗೆ ಸುರುಳಿ ಸುತ್ತಿ ಮಲಗಿತ್ತು, ಊರಿನವರು ಹಾವುಕಲ್ಲು ಅನ್ನುವ ಕಲ್ಲಾದ ಚಿಪ್ಪು.

"ನಮಗಿಂತ ಮೊದಲು ಇದನ್ನ ಯಾರೂ ನೋಡಿಲ್ಲ ವಿಲ್ಫ್. ಯಾರಂದ್ರೆ ಯಾರೂ."

ಅವನು ಬಸ್ ಡ್ರೈವರ್. ಮುಂಜಾನೆಯ ಪಾಳಿ ಮುಗಿಸಿ ಬಂದಿದ್ದ. ಶೂ ಒಳಗೆ ನೀರು ಹೊಕ್ಕಿತ್ತು. "ಸತ್ತ ಬಸವನಹುಳ ತೋರ್ಸೋಕೆ ಇಷ್ಟು ದೂರ ನಡೆಸಿದ್ಯಾ?" ಅಂದ. ತಮಾಷೆಗೇ ಅಂದದ್ದು. ಅವಳೂ ನಕ್ಕಳು. ಆಮೇಲೆ ಅವನನ್ನು ಕರೆಯಲೇ ಇಲ್ಲ.

ಕೆಲವು ವರ್ಷ ಒಬ್ಬಳೇ ಹೋಗುತ್ತಿದ್ದಳು. ಆಮೇಲೆ ನೆಡ್ ಜೊತೆಯಾದ. ಏಡಿ ಹಿಡಿಯುವ ದೋಣಿಯವನು, ಹಿಂದೆ ಮುಂದೆ ಯಾರೂ ಇಲ್ಲದವನು. ಊರಿನವರು ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಅದನ್ನೇ ನೆಪ ಮಾಡಿಕೊಂಡು ವಿಲ್ಫ್ ಒಂದು ಮಾತು ಕೇಳಬಹುದಿತ್ತು. ಹಾಗೆ ಕೇಳದೆಯೇ ಅವನಿಗೆ ವಯಸ್ಸಾಯಿತು. ಹೋದ ಮಂಗಳವಾರ ಅಂಗಡಿಯಲ್ಲಿ, ಮೀನಿನ ಪೊಟ್ಟಣ ಕಟ್ಟುತ್ತಾ ಕಟ್ಟುತ್ತಾ, ಮೇವಿಸ್ ಕುಸಿದುಬಿದ್ದಳು.

* * *

ಮಣ್ಣಾದ ಮೇಲೆ ಹೋಟೆಲಿನಲ್ಲಿ ಚಹಾ, ಹ್ಯಾಮ್ ಇಟ್ಟ ಬ್ರೆಡ್ಡು. ಬಂದವರೆಲ್ಲ ವಿಲ್ಫ್‌ನ ಕೈ ಹಿಡಿದು ಏನೋ ಹೇಳುತ್ತಿದ್ದರು. ಅವನಿಗೆ ಒಂದೂ ಕಿವಿಯೊಳಗೆ ಇಳಿಯಲಿಲ್ಲ. ಕಿಟಕಿಗೆ ಹೋದ, ಬಾಗಿಲಿಗೆ ಬಂದ, ಮತ್ತೆ ಕಿಟಕಿಗೆ ಹೋದ.

"ಒಂದು ಕಡೆ ಕೂತ್ಕೊಳೋ," ಅಂದಳು ಅಕ್ಕ ಓಲಿವ್. "ನೀನು ಹಿಂಗೆ ಸುತ್ತುತಿದ್ರೆ ಜನಕ್ಕೆ ಗಂಟಲಲ್ಲಿ ಬ್ರೆಡ್ಡು ಇಳಿಯಲ್ಲ."

"ನೆಡ್ ಎಲ್ಲಿ?"

"ಅವನಿಗೇನು ಕೇಡು. ದಡಕ್ಕೆ ಹೋಗಿರ್ತಾನೆ."

ವಿಲ್ಫ್ ಚಹಾದ ಕಪ್ಪನ್ನು ಕೆಳಗಿಟ್ಟು ಹೊರಟೇಬಿಟ್ಟ. ಪಾಚಿಗಟ್ಟಿದ ಬಂಡೆಗಳ ಮೇಲೆ ಜಾರುತ್ತಾ, ಅಂಗೈ ತರಚಿಸಿಕೊಳ್ಳುತ್ತಾ ನಡೆದ. ನೆಡ್ ದೂರದಲ್ಲಿ, ಸಾವಿನ ಮನೆಗೆಂದು ತೊಟ್ಟ ಒಳ್ಳೆ ಪ್ಯಾಂಟಿನಲ್ಲೇ ಮಂಡಿಯೂರಿ ಉಳಿ ಬಡಿಯುತ್ತಿದ್ದ. ಉಬ್ಬರ ಶುರುವಾಗಿತ್ತು, ನೀರು ಆಗಲೇ ಅವನ ಹಿಮ್ಮಡಿ ಮುಟ್ಟಿ ಹೋಗುತ್ತಿತ್ತು.

"ಅವಳ ಮೇಲೆ ಹಾಕಿದ ಮಣ್ಣು ಇನ್ನೂ ಕೈಯಲ್ಲಿದೆ," ಅಂದ ವಿಲ್ಫ್. "ಅಷ್ಟರಲ್ಲಿ ಕಲ್ಲು ಕೀಳೋಕೆ ಬಂದ್ಯಾ?"

ನೆಡ್ ತಲೆಯೆತ್ತಲಿಲ್ಲ. "ಇದು ಅವಳದೇ. ಹೋದ ಭಾನುವಾರ ಅವಳಿಗೆ ಮೂತಿ ಮಾತ್ರ ಕಂಡಿತ್ತು. ಬಿರುಗಾಳಿ ಮರಳೆಲ್ಲ ಬಳ್ಕೊಂಡು ಹೋಗಿ ಪೂರ್ತಿ ತೆರೆದುಕೊಂಡಿದೆ. ಇವತ್ತಿನ ಉಬ್ಬರ ಬಡಿದ್ರೆ ಚೂರುಚೂರು."

ವಿಲ್ಫ್ ಕಲ್ಲಿನ ಕಡೆ ನೋಡಲೂ ಇಲ್ಲ. "ನೀನೂ ಅವಳೂ..." ಅಂದ. "ಏನಾದ್ರೂ ಇತ್ತಾ ನೆಡ್?"

ಉಳಿಯ ಸದ್ದು ನಿಂತಿತು.

"ಒಂದ್ಸಲ ಕೇಳಿದ್ದೆ. ನನ್ನ ಜೊತೆ ಬಂದಿರ್ತೀಯಾ ಅಂತ."

"ಏನಂದ್ಲು?"

"'ಸ್ವಲ್ಪ ಪಕ್ಕಕ್ಕೆ ಹೋಗು, ಬೆಳಕಿಗೆ ಅಡ್ಡ ನಿಂತಿದ್ದೀಯ' ಅಂದ್ಲು."

"ಅಷ್ಟೇನಾ?"

"ಅಷ್ಟೇ. ಮುಂದಿನ ಭಾನುವಾರ ಎಂದಿನ ಹಾಗೇ ಬಂದ್ಲು. ಮುಖಭಂಗ ಆಗಿದ್ರೂ ನಾನೂ ಬಂದೆ."

ಇಷ್ಟು ವರ್ಷ ಹೊತ್ತುಕೊಂಡಿದ್ದ ಅನುಮಾನ ಇಳಿದ ಮೇಲೆ ವಿಲ್ಫ್‌ಗೆ ಹಗುರಾಗಬೇಕಿತ್ತು. ಆಗಲಿಲ್ಲ. ಇವನಿಗೆ ಎರಡೇಟು ಹಾಕಬೇಕು ಅನ್ನಿಸಿತು, ಅದೇ ಗಳಿಗೆಯಲ್ಲಿ ಇವನ ಪಕ್ಕ ಕೂತು ಅತ್ತುಬಿಡಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಾಗದೆ ವಿಲ್ಫ್ ಕೋಟು ಬಿಚ್ಚಿ ಎಸೆದ.

"ಎಲ್ಲಿ ಹಿಡೀಬೇಕು ಹೇಳು."

ಇಬ್ಬರೂ ಸೇರಿ ಹಾಸುಗಲ್ಲಿನ ಅಂಚಿಗೆ ನೆಡ್ ತಂದಿದ್ದ ಹಾರೆ ಕೊಟ್ಟರು. ಅಲೆಯೊಂದು ಬಂದು ಸೊಂಟದವರೆಗೆ ತೋಯಿಸಿತು. ಇನ್ನೊಮ್ಮೆ ಮೀಟಿದರು. ಕಲ್ಲು ಅಲುಗಿತು. ವಿಲ್ಫ್ ಉಸಿರು ಬಿಗಿಹಿಡಿದು ಬೆರಳುಗಳನ್ನು ಅಡಿಗೆ ತೂರಿಸಿ ಎತ್ತಲು ನೋಡಿದ. ಉಗುರು ಕಿತ್ತುಬಂತು. ಕಲ್ಲು ಮೇಲೇಳಲಿಲ್ಲ. ಅಷ್ಟರಲ್ಲಿ ಶೂ ಕೈಯಲ್ಲಿ ಹಿಡಿದುಕೊಂಡು ಓಲಿವ್ ಕೂಗುತ್ತಾ ಬಂದಳು. ಒಂದೇ ದಿನ ಎರಡು ಪೆಟ್ಟಿಗೆ ಹೊರಿಸಬೇಕು ಅಂತ ಮಾಡಿದೀರಾ ಎಂದು ಬೈದಳು. ಬೈದು, ಲಂಗ ಮೇಲಕ್ಕೆತ್ತಿ ಕಟ್ಟಿ, ತಾನೂ ಒಂದು ಮೂಲೆಗೆ ಕೈಹಾಕಿದಳು. ಆದರೂ ಅದು ಏಳಲಿಲ್ಲ.

"ಸಾಕು ಬಿಡಿ," ಅಂದ ನೆಡ್. "ನೀರು ಗೆದ್ದಿತು."

"ಇದು ಏನು ಪ್ರಾಣಿ?" ವಿಲ್ಫ್ ಕೇಳಿದ.

"ಮೀನುಹಲ್ಲಿ ಅಂತೀವಿ, ಕೋಟ್ಯಂತರ ವರ್ಷದ ಹಿಂದಿನದು. ಮೀನಲ್ಲ. ನಮ್ಮ ಹಾಗೆ ಮೇಲೆ ಬಂದು ಉಸಿರಾಡ್ತಿತ್ತು."

ಎರಡು ಅಲೆಗಳ ನಡುವೆ ನೊರೆ ಸರಿದು ನೀರು ಒಂದು ಗಳಿಗೆ ತಿಳಿಯಾಯಿತು. ಆಗ ವಿಲ್ಫ್ ಅದನ್ನು ಮೊದಲ ಬಾರಿ ಇಡಿಯಾಗಿ ನೋಡಿದ. ಉದ್ದ ಮೂತಿ, ದೊಡ್ಡ ಕಣ್ಣಿನ ಉಂಗುರ, ಮಣಿ ಪೋಣಿಸಿದಂತಹ ಬೆನ್ನು, ಮಗ್ಗುಲಿಗೆ ಒತ್ತಿಕೊಂಡ ಈಜುರೆಕ್ಕೆ. ಅಲೆ ಮೇಲಿಂದ ಹಾಯ್ದಂತೆಲ್ಲ ಬೆನ್ನು ಬಳುಕಿತು, ಬಾಲ ಆಡಿತು. ದಡಕ್ಕೆ ಬೆನ್ನು ಹಾಕಿ ಅದು ಆಳದ ಕಡೆಗೆ ಈಜುತ್ತಿರುವಂತಿತ್ತು. ವಿಲ್ಫ್ ಅದರ ಜೊತೆಗೇ ಒಂದು ಹೆಜ್ಜೆ ನೀರಿನೊಳಕ್ಕೆ ನಡೆದ. ನೆಡ್ ಹಿಂದಿನಿಂದ ಅವನ ಅಂಗಿ ಹಿಡಿದುಕೊಂಡ.