ಮುದ್ದೆ ಅಗಿಯುವವಳು

ನಾನು ಮುದ್ದೆ ಅಗಿಯುತ್ತೇನೆಂದು ತೂಬಗೆರೆಗೆಲ್ಲ ಸಾರಿದವಳು ನನ್ನ ನಾದಿನಿ ಪುಟ್ಟಗಂಗಮ್ಮ. ನಮ್ಮ ಕಡೆ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗಬೇಕು. ಹಲ್ಲು ತಾಗಿಸಿದರೆ ನಗೆಪಾಟಲು.

"ನಮ್ಮ ಅತ್ತಿಗೆ ಈಗ ಪ್ಯಾಟೆಯೋರು, ಮುದ್ದೆ ಅಗೀತಾರೆ" ಎಂದು ಬೀಗರ ಮುಂದೆಯೇ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ನುಂಗಿದ ತುತ್ತು ಎದೆಯಲ್ಲೇ ಕೂರುವ ಸಂಕಟ ಅವಳಿಗೇನು ಗೊತ್ತು? ಎರಡು ವರ್ಷದಿಂದ ಎಲ್ಲರೂ ಗ್ಯಾಸು ಎನ್ನುತ್ತಿದ್ದರು. ನಾನೂ ಗ್ಯಾಸಿನ ಮಾತ್ರೆ ತಿಂದದ್ದೇ ತಿಂದದ್ದು.

ಕೊನೆಗೆ ದೊಡ್ಡಬಳ್ಳಾಪುರಕ್ಕೆ ಹೋದೆ. ಅಲ್ಲಿನ ಡಾಕ್ಟ್ರಮ್ಮ "ಊಟ ಸೇರುತ್ತಾ?" ಎಂದು ಕೇಳಿದರು.

"ಸೇರುತ್ತೆ ಡಾಕ್ಟ್ರಮ್ಮ. ಆದ್ರೆ ಮುದ್ದೆ ಅಗೀತೀನಿ" ಎಂದೆ, ತಲೆ ತಗ್ಗಿಸಿಕೊಂಡು.

ಅವರು ಬರೆಯುವುದನ್ನು ನಿಲ್ಲಿಸಿದರು. "ನಾನೂ ಮುದ್ದೆ ತಿಂದು ಬೆಳೆದೋಳೇ. ಇದು ಗ್ಯಾಸಲ್ಲ."

ಬಾಯಿಯಿಂದ ಸಣ್ಣ ಕೊಳವೆ ಇಳಿಸಿ ನೋಡಿದರು. ಅನ್ನನಾಳ ಉರಿಯೂತದಿಂದ ಬಾತು, ಕೆಳಗಡೆ ಕಿರುಬೆರಳೂ ತೂರದಷ್ಟು ಕಿರಿದಾಗಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು; ಕ್ಯಾನ್ಸರ್ ಅಲ್ಲ ಎಂದು ಬಂತು. ಆಮೇಲೆ ಒಳಗೆ ಪುಟ್ಟ ಬಲೂನು ಉಬ್ಬಿಸಿ ದಾರಿ ಅಗಲ ಮಾಡಿದರು. ಮೂರು ತಿಂಗಳು ಔಷಧಿ ಕೊಟ್ಟು, "ಈಗ ನುಂಗಿ, ಸಣ್ಣ ತುತ್ತು" ಎಂದರು.

ಕಳೆದ ಭಾನುವಾರ ಅದೇ ಬೀಗರು ಬಂದಿದ್ದರು. ಅವರೆಕಾಳಿನ ಸಾರು. ನಾನು ಮುದ್ದೆ ಮುರಿದೆ, ಹೊರಳಿಸಿದೆ, ನುಂಗಿದೆ. ತುತ್ತು ಎಲ್ಲೂ ನಿಲ್ಲದೆ ಇಳಿಯಿತು. ತಟ್ಟೆ ಖಾಲಿಯಾಗುವವರೆಗೂ ಪುಟ್ಟಗಂಗಮ್ಮ ನನ್ನ ದವಡೆಯನ್ನೇ ನೋಡುತ್ತಿದ್ದಳು.

"ನೋಡಿದ್ದು ಸಾಕು," ಎಂದೆ. "ಇನ್ನೊಂದು ಮುದ್ದೆ ಹಾಕು."